ಬೆಳ್ಳಕ್ಕಿಯ ಬಿಳುಪನ್ನು ಹಿಡಿಯಲು ಕಲಿತದ್ದು

ಕುಕ್ಕರಹಳ್ಳಿ ಕೆರೆಯ ದಡದಲ್ಲಿ ನಿಂತು ನಾನು ತೆಗೆದ ಮೊದಲ ನೂರಿನ್ನೂರು ಬೆಳ್ಳಕ್ಕಿ ಚಿತ್ರಗಳಲ್ಲಿ ಬೆಳ್ಳಕ್ಕಿಯೇ ಇರಲಿಲ್ಲ. ಅದರ ಆಕಾರವಿತ್ತು, ಕಪ್ಪು ಕೊಕ್ಕಿತ್ತು, ನೀರಿನಲ್ಲಿ ಪ್ರತಿಬಿಂಬವೂ ಇತ್ತು. ಆದರೆ ಕುತ್ತಿಗೆಯಿಂದ ಬಾಲದವರೆಗೆ ಹುಡುಕಿದರೂ ಒಂದು ಗರಿ ಕಾಣುತ್ತಿರಲಿಲ್ಲ. ಸುತ್ತಲಿನ ಜೊಂಡು, ಕೆಸರು, ಹಸಿರು ನೀರು ಎಲ್ಲವೂ ಕಣ್ಣಿಗೆ ಕಂಡ ಹಾಗೆಯೇ ಮೂಡಿರುತ್ತಿದ್ದವು, ನಡುವೆ ಹಕ್ಕಿಯ ಜಾಗದಲ್ಲಿ ಮಾತ್ರ ಸುಣ್ಣ ಬಳಿದಂತೆ ಒಂದೇ ಸಮನಾದ ಬಿಳುಪು. ಛಾಯಾಗ್ರಹಣವನ್ನು ಹವ್ಯಾಸವಾಗಿ ಹಿಡಿದ ಮೇಲೆ ನಾನು ಕಲಿತ ಬಹುಪಾಲು ವಿಷಯಗಳು ಈ ಒಂದು ತೊಂದರೆಯನ್ನು ಬಿಡಿಸಿಕೊಳ್ಳುವ ಪ್ರಯತ್ನದಿಂದಲೇ ಬಂದವು. ಆದ್ದರಿಂದ ಅದನ್ನೇ ಇಲ್ಲಿ ಸ್ವಲ್ಪ ವಿವರವಾಗಿ ಬರೆಯುತ್ತಿದ್ದೇನೆ.

2017ರಲ್ಲಿ ಅಕ್ಕನ ಮಗ ಹೊಸ ಕ್ಯಾಮೆರಾ ಕೊಂಡಾಗ ತನ್ನ ಹಳೆಯ ಡಿಎಸ್‌ಎಲ್‌ಆರ್ ಕ್ಯಾಮೆರಾವನ್ನೂ 55ರಿಂದ 250 ಮಿ.ಮೀ.ವರೆಗಿನ ಜೂಮ್ ಲೆನ್ಸನ್ನೂ ನನಗೆ ಕೊಟ್ಟ. ನಮ್ಮ ಮನೆ ಮೈಸೂರಿನ ಸರಸ್ವತಿಪುರಂನಲ್ಲಿ, ಕೆರೆಗೆ ನಡೆದುಹೋಗುವಷ್ಟು ಹತ್ತಿರದಲ್ಲಿ. ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, 1864ರಲ್ಲಿ, ಬೇಸಾಯದ ನೀರಿಗಾಗಿ ಕಟ್ಟಿಸಿದ ಈ ಕೆರೆ ಇಂದು ಊರಿನ ನಡುವೆಯೇ ಇದ್ದರೂ ಹಕ್ಕಿಗಳು ಅದನ್ನು ಬಿಟ್ಟುಹೋಗಿಲ್ಲ. ಹೆಜ್ಜಾರ್ಲೆ, ಬಣ್ಣದ ಕೊಕ್ಕರೆ, ಹಾವಕ್ಕಿ, ನೀರುಕಾಗೆಗಳೆಲ್ಲ ಇಲ್ಲಿವೆ. ವಾಯುವಿಹಾರಕ್ಕೆ ಬರುವವರ ಓಡಾಟಕ್ಕೆ ಒಗ್ಗಿಹೋಗಿರುವುದರಿಂದ ಬೆಳ್ಳಕ್ಕಿಗಳು ಸಾಕಷ್ಟು ಹತ್ತಿರಕ್ಕೆ ಬಿಟ್ಟುಕೊಳ್ಳುತ್ತವೆ, 250 ಮಿ.ಮೀ. ಲೆನ್ಸಿಗೆ ಸಿಗುವ ಹಕ್ಕಿ ಅದೊಂದೇ ಆಗಿದ್ದರಿಂದ ನಾನು ಅದನ್ನು ಆರಿಸಿಕೊಂಡೆ ಎನ್ನುವುದಕ್ಕಿಂತ ಅದು ನನ್ನ ಪಾಲಿಗೆ ಬಂತು ಎನ್ನುವುದು ಸರಿ.

ತೊಂದರೆಯ ಮೂಲ ಎಲ್ಲಿದೆಯೆಂದು ತಿಳಿಯಲು ನನಗೆ ಹಲವು ತಿಂಗಳು ಹಿಡಿಯಿತು. ಕ್ಯಾಮೆರಾದೊಳಗೆ ಬೆಳಕನ್ನು ಅಳೆಯುವ ಮೀಟರಿಗೆ ತನ್ನ ಮುಂದಿರುವುದು ಬೆಳ್ಳಕ್ಕಿಯೋ ಎಮ್ಮೆಯೋ ಗೊತ್ತಿರುವುದಿಲ್ಲ. ಲೋಕದ ವಸ್ತುಗಳೆಲ್ಲ ಸರಾಸರಿಯಲ್ಲಿ ನಡುಮಟ್ಟದ ಬೂದು ಬಣ್ಣದವು, ತಮ್ಮ ಮೇಲೆ ಬಿದ್ದ ಬೆಳಕಿನಲ್ಲಿ ಸುಮಾರು 18 ಶೇಕಡಾವನ್ನು ಹಿಂದಕ್ಕೆ ಕಳಿಸುತ್ತವೆ ಎಂಬ ಎಣಿಕೆಯ ಮೇಲೆ ಅದು ಕೆಲಸ ಮಾಡುತ್ತದೆ. ಹಕ್ಕಿ ಚಿತ್ರದ ಒಂದು ಮೂಲೆಯಷ್ಟು ಜಾಗದಲ್ಲಿದ್ದು ಉಳಿದದ್ದೆಲ್ಲ ಕಡುಹಸಿರು ಜೊಂಡು ಮತ್ತು ಕಪ್ಪು ನೀರಾಗಿದ್ದರೆ, ಮೀಟರು ಆ ಕಪ್ಪನ್ನು ಬೂದುಮಟ್ಟಕ್ಕೆ ಎತ್ತಲೆಂದು ಹೆಚ್ಚು ಬೆಳಕನ್ನು ಒಳಗೆ ಬಿಡುತ್ತದೆ. ಮೊದಲೇ ಹೊಳೆಯುತ್ತಿದ್ದ ಹಕ್ಕಿ ಆಗ ಬೆಳಕನ್ನು ಹಿಡಿಯುವ ಸೆನ್ಸಾರಿನ ಮಿತಿಯನ್ನು ದಾಟಿ ಸುಟ್ಟುಹೋಗುತ್ತದೆ, ಅಂದರೆ ವಿವರವಿಲ್ಲದ ಬರಿಯ ಬಿಳಿಯಾಗುತ್ತದೆ. ಅದೇ ಹಕ್ಕಿ ಚೌಕಟ್ಟನ್ನೆಲ್ಲ ತುಂಬಿಕೊಂಡರೆ, ಅಥವಾ ಬೆಳ್ಳನೆಯ ಆಕಾಶದೆದುರು ಹಾರಿದರೆ, ಮೀಟರು ಆ ಬಿಳಿಯನ್ನೇ ಬೂದುಮಟ್ಟಕ್ಕೆ ಇಳಿಸುತ್ತದೆ, ಹಕ್ಕಿ ಮಾಸಿದ ಬಟ್ಟೆಯ ಹಾಗೆ ಕಾಣುತ್ತದೆ. ಬಿಳಿಗೆ ಪ್ಲಸ್ (ಮೀಟರು ಹೇಳಿದ್ದಕ್ಕಿಂತ ಹೆಚ್ಚು ಬೆಳಕು), ಕಪ್ಪಿಗೆ ಮೈನಸ್ (ಕಡಿಮೆ ಬೆಳಕು) ಎಂದು ಮೊದಲ ಪಾಠದಲ್ಲೇ ಎಲ್ಲರೂ ಹೇಳಿಕೊಡುವ ಸೂತ್ರವನ್ನು ನಾನು ಕಣ್ಣುಮುಚ್ಚಿ ಅನುಸರಿಸುತ್ತಿದ್ದೆ. ಕಪ್ಪು ನೀರಿನ ನಡುವಿನ ಪುಟ್ಟ ಹಕ್ಕಿಗೂ ಪ್ಲಸ್ ಕೊಟ್ಟು, ಮೊದಲೇ ಸುಡುತ್ತಿದ್ದುದನ್ನು ಇನ್ನಷ್ಟು ಸುಡುತ್ತಿದ್ದೆ. ಸೂತ್ರ ತಪ್ಪಲ್ಲ, ಚೌಕಟ್ಟಿನಲ್ಲಿ ಬಿಳಿಯ ಪಾಲು ಎಷ್ಟು, ಕಪ್ಪಿನ ಪಾಲು ಎಷ್ಟು ಎಂಬುದನ್ನು ನೋಡದೆ ಅದನ್ನು ಬಳಸಬಾರದು.

ಇದನ್ನು ನನಗೆ ಬಿಡಿಸಿ ಹೇಳಿದವರು ಕೆರೆಯ ಸುತ್ತ ದಿನವೂ ನಡೆಯಲು ಬರುತ್ತಿದ್ದ ಒಬ್ಬ ಹಿರಿಯರು. ಮೂವತ್ತು ವರ್ಷಕ್ಕೂ ಮೇಲ್ಪಟ್ಟು ಸ್ಟುಡಿಯೋ ನಡೆಸಿ, ಮದುವೆ ಮುಂಜಿಗಳ ಫೋಟೋ ತೆಗೆದು, ಡಿಜಿಟಲ್ ಕಾಲ ಬಂದ ಕೆಲವು ವರ್ಷಗಳಲ್ಲಿ ಅಂಗಡಿ ಮುಚ್ಚಿದವರು. ಒಂದು ದಿನ ನನ್ನ ಪಕ್ಕ ನಿಂತು, ಕ್ಯಾಮೆರಾದ ಹಿಂದಿನ ಪರದೆಯನ್ನು ಅಂಗೈಯಿಂದ ಬಿಸಿಲಿಗೆ ಮರೆಮಾಡಿಕೊಂಡು ನೋಡಿದರು. "ಹಕ್ಕಿ ಎಲ್ಲಮ್ಮ? ಬಿಳೀ ಕಾಗದ ಕತ್ತರಿಸಿ ಅಂಟಿಸಿದ ಹಾಗಿದೆಯಲ್ಲ" ಎಂದರು. ನಾನು ಶಟರ್ ವೇಗ, ಐಎಸ್‌ಒ, ಅಪರ್ಚರುಗಳ ಲೆಕ್ಕ, ಅಂದರೆ ಶಟರ್ ಎಷ್ಟು ಹೊತ್ತು ತೆರೆದಿತ್ತು, ಸೆನ್ಸಾರು ಬೆಳಕಿಗೆ ಎಷ್ಟು ಸೂಕ್ಷ್ಮವಾಗಿತ್ತು, ಲೆನ್ಸಿನ ಕಿಂಡಿ ಎಷ್ಟು ಅಗಲವಿತ್ತು ಎಂಬುದನ್ನು ಒಪ್ಪಿಸತೊಡಗಿದೆ. ಅವರು ಅದನ್ನು ಪೂರ್ತಿ ಕೇಳಲಿಲ್ಲ. "ಮನೇಲಿ ಬಿಳೀ ಪಂಚೆ ಇದ್ಯಾ?" ಎಂದು ಕೇಳಿದರು.

ಧಾರೆಯ ಹೊತ್ತಿನಲ್ಲಿ ಗಂಡು ಬಿಳಿ ಪಂಚೆಯಲ್ಲಿ, ಹೆಣ್ಣು ಕಡುಬಣ್ಣದ ರೇಷ್ಮೆ ಸೀರೆಯಲ್ಲಿ ಅಕ್ಕಪಕ್ಕ ನಿಂತಿರುತ್ತಾರೆ. ಸ್ಟುಡಿಯೋದವರಿಗೆ ಅದಕ್ಕಿಂತ ದೊಡ್ಡ ಪರೀಕ್ಷೆ ಇರಲಿಲ್ಲವಂತೆ. ಸೀರೆಯ ಜರಿ ಕಾಣುವಷ್ಟು ಬೆಳಕು ಕೊಟ್ಟರೆ ಪಂಚೆಯ ಮಡಿಕೆಗಳು ಅಳಿಸಿಹೋಗುತ್ತವೆ. ಪಂಚೆಯ ಮಡಿಕೆ ಉಳಿಸಿಕೊಂಡರೆ ಸೀರೆ ಕಪ್ಪು ಗಂಟಾಗುತ್ತದೆ. ಪಂಚೆಯ ಮಡಿಕೆ ಕಾಣುವ ಹಾಗೆ ಫೋಟೋ ತೆಗೆಯುವುದನ್ನು ಕಲಿತರೆ ಬೆಳ್ಳಕ್ಕಿ ತಾನಾಗಿ ಬರುತ್ತದೆ, ಅಲ್ಲಿಯವರೆಗೆ ಹಕ್ಕಿಗೆ ತೊಂದರೆ ಕೊಡಬೇಡ ಎಂದು ಅವರು ಹೇಳಿದರು.

ಹಾಗಾಗಿ ಒಂದು ಭಾನುವಾರ ನಮ್ಮ ಮಹಡಿಯ ಮೇಲಿನ ತಂತಿಗೆ ಒಂದು ಬಿಳಿ ಪಂಚೆಯನ್ನು ಹರವಿ, ಬೆಳಿಗ್ಗೆ 7, 9, ಮಧ್ಯಾಹ್ನ 12, ಸಂಜೆ 4 ಮತ್ತು 6 ಗಂಟೆಗೆ, ಒಂದೇ ಜಾಗದಲ್ಲಿ ನಿಂತು ಚಿತ್ರ ತೆಗೆದೆ. ಪ್ರತಿ ಬಾರಿಯೂ ಮೀಟರು ಹೇಳಿದ್ದು ಒಂದು, ಅದಕ್ಕಿಂತ ಒಂದು ಸ್ಟಾಪ್ ಕಡಿಮೆಯದು ಒಂದು, ಒಂದು ಸ್ಟಾಪ್ ಹೆಚ್ಚಿನದು ಒಂದು, ಎರಡು ಸ್ಟಾಪ್ ಹೆಚ್ಚಿನದು ಒಂದು. ಒಂದು ಸ್ಟಾಪ್ ಎಂದರೆ ಬೆಳಕು ಇಮ್ಮಡಿಯಾಗುವುದು ಅಥವಾ ಅರ್ಧಕ್ಕೆ ಇಳಿಯುವುದು ಎಂದು ಪುಸ್ತಕದಲ್ಲಿ ಓದಿದ್ದೆ. ಆ ಇಪ್ಪತ್ತು ಚಿತ್ರಗಳನ್ನು ಪರದೆಯ ಮೇಲೆ ಸಾಲಾಗಿ ಜೋಡಿಸಿದಾಗಲೇ ಅದು ಕಣ್ಣಿಗೆ ಬಿದ್ದದ್ದು.

ಏಳು ಗಂಟೆಯ ಎಳೆಬಿಸಿಲು ಪಕ್ಕದಿಂದ ಬೀಳುತ್ತಿತ್ತು. ಪಂಚೆಯ ಪ್ರತಿ ಮಡಿಕೆಗೂ ಒಂದು ಬೆಳಗಿದ ಅಂಚು, ಒಂದು ನೆರಳಿನ ಅಂಚು. ನೂಲಿನ ನೇಯ್ಗೆಯೂ ಕಾಣುತ್ತಿತ್ತು. ಆ ಬಿಳಿಯೊಳಗೆ ತಿಳಿಹಳದಿ ಇತ್ತು, ಮಡಿಕೆಗಳ ನೆರಳಿನಲ್ಲಿ ಆಕಾಶದ ನೀಲಿ ಇತ್ತು, ಕೆಳಗಿನ ಅಂಚಿನಲ್ಲಿ ಮಹಡಿಯ ಕೆಂಪು ನೆಲದ ಛಾಯೆಯೂ ಇತ್ತು. ಹನ್ನೆರಡು ಗಂಟೆಯ ಚಿತ್ರಗಳಲ್ಲಿ ಒಳಬಿಟ್ಟ ಬೆಳಕಿನ ಪ್ರಮಾಣ, ಅಂದರೆ ಎಕ್ಸ್‌ಪೋಷರ್ ಸರಿಯಾಗಿದ್ದುದರಲ್ಲೂ ಮಡಿಕೆಗಳು ಮಾಯವಾಗಿದ್ದವು. ಯಾವ ಭಾಗವೂ ಸುಟ್ಟಿರಲಿಲ್ಲ, ಆದರೂ ಬಟ್ಟೆ ಚಪ್ಪಟೆಯಾಗಿತ್ತು, ಏಕೆಂದರೆ ಬಿಸಿಲು ನೆತ್ತಿಯಿಂದ ಸುರಿಯುತ್ತ ಬಟ್ಟೆಯನ್ನು ಸವರಿಕೊಂಡು ಹೋಗುತ್ತಿತ್ತು, ಮಹಡಿಯ ನೆಲ ಅದನ್ನು ಕೆಳಗಿನಿಂದ ಎತ್ತಿ ನೆರಳುಗಳನ್ನೆಲ್ಲ ತುಂಬಿಬಿಟ್ಟಿತ್ತು. ನಾನು ಅದುವರೆಗೆ ಕ್ಯಾಮೆರಾದ ಗುಂಡಿಗಳಲ್ಲಿ ಹುಡುಕುತ್ತಿದ್ದುದರ ಅರ್ಧಭಾಗ ಬೆಳಕು ಬರುವ ದಿಕ್ಕಿನಲ್ಲಿತ್ತು. ಬಿಳಿ ವಸ್ತುವಿನ ರೂಪವನ್ನು ನಮಗೆ ತೋರಿಸುವುದು ಅದರ ಬಿಳುಪಲ್ಲ, ಅದರ ಮೇಲಿರುವ ತೆಳುವಾದ ನೆರಳುಗಳು.

ಕೆರೆಗೆ ಮರಳಿದ ಮೇಲೆ ನನ್ನ ಕೆಲಸದ ಕ್ರಮವೇ ಬದಲಾಯಿತು. ಬಿಸಿಲು ಸ್ಥಿರವಾಗಿರುವಾಗ ಹಕ್ಕಿ ಕಪ್ಪು ನೀರಿನ ಮುಂದಿದ್ದರೂ ಬಿಳಿ ಆಕಾಶದ ಮುಂದಿದ್ದರೂ ಅದರ ಮೇಲೆ ಬೀಳುವ ಬೆಳಕು ಒಂದೇ. ಹಾಗಿರುವಾಗ ಹಿನ್ನೆಲೆ ಬದಲಾದಂತೆಲ್ಲ ಎಕ್ಸ್‌ಪೋಷರ್ ಬದಲಾಗಬೇಕಾದ ಅಗತ್ಯವೇ ಇಲ್ಲ. ಆದ್ದರಿಂದ ಮೀಟರನ್ನು ಕಟ್ಟಿಹಾಕಿ ಎಲ್ಲವನ್ನೂ ನಾನೇ ಕೈಯಾರೆ ನಿಗದಿಮಾಡುವ ಮ್ಯಾನುಯಲ್‌ನಲ್ಲಿ ಇಡುವುದನ್ನು ಅಭ್ಯಾಸ ಮಾಡಿಕೊಂಡೆ. ಫಿಲ್ಮಿನ ಕಾಲದವರು ಬಳಸುತ್ತಿದ್ದ ಹಳೆಯ ಲೆಕ್ಕವೊಂದಿದೆ: ಒಳ್ಳೆಯ ಬಿಸಿಲಿನಲ್ಲಿ ಅಪರ್ಚರ್ ಎಫ್ 16 ಇಟ್ಟರೆ, ಐಎಸ್‌ಒ ಎಷ್ಟಿದೆಯೋ ಶಟರ್ ವೇಗ ಸೆಕೆಂಡಿನ ಅಷ್ಟನೆಯ ಭಾಗ. ಐಎಸ್‌ಒ 200 ಇದ್ದರೆ 1/200; ಅದನ್ನೇ ಎಫ್ 8ಕ್ಕೆ ತಂದರೆ ಕಿಂಡಿ ಅಗಲವಾಗಿ ಎರಡು ಸ್ಟಾಪ್ ಹೆಚ್ಚು ಬೆಳಕು ಬರುವುದರಿಂದ 1/800. ಬಿಳಿ ಹಕ್ಕಿಯಾದ್ದರಿಂದ ಇನ್ನೊಂದು ಸ್ಟಾಪ್ ಇಳಿಸಿದರೆ 1/1600. ಬೆಳಗಿನ ಎಳೆಬಿಸಿಲಿಗೆ ಇಷ್ಟು ಬಲವಿರುವುದಿಲ್ಲ, ಒಂದೆರಡು ಸ್ಟಾಪ್ ಹೆಚ್ಚಿಸಬೇಕಾಗುತ್ತದೆ. ಹಿರಿಯರು ಇನ್ನೊಂದು ಉಪಾಯವನ್ನೂ ಕೊಟ್ಟರು: ಹಕ್ಕಿಯ ಮೇಲೆ ಬೀಳುತ್ತಿರುವ ಬಿಸಿಲಿಗೇ ನಿನ್ನ ಅಂಗೈಯನ್ನು ಒಡ್ಡಿ, ಅದನ್ನು ಚಿಕ್ಕ ಜಾಗವನ್ನಷ್ಟೇ ಅಳೆಯುವ ಸ್ಪಾಟ್ ಮೀಟರಿನಿಂದ ಅಳೆ, ಅಂಗೈ ನಡುಬೂದಿಗಿಂತ ಸುಮಾರು ಒಂದು ಸ್ಟಾಪ್ ಹೆಚ್ಚು ಬೆಳಕನ್ನು ಹಿಂದಕ್ಕೆ ಕಳಿಸುತ್ತದೆ, ಅಲ್ಲಿಂದ ಲೆಕ್ಕ ಹಾಕಿಕೊ. ಈಗಲೂ ಕೆರೆಯ ಬಳಿ ನಾನು ಮೊದಲು ಮಾಡುವುದು ಇದನ್ನೇ.

ಆಮೇಲೆ ಹಿಸ್ಟೋಗ್ರಾಂ. ಚಿತ್ರ ತೆಗೆದೊಡನೆ ಪರದೆಯ ಮೇಲೆ ಗುಡ್ಡದಂತೆ ಮೂಡುವ, ಎಡಕ್ಕೆ ಕಪ್ಪು, ಬಲಕ್ಕೆ ಬಿಳಿ ಎಷ್ಟೆಷ್ಟಿದೆ ಎಂದು ತೋರಿಸುವ ಆ ನಕ್ಷೆಯ ಬಲ ಅಂಚಿಗೆ ಗುಡ್ಡ ಒತ್ತಿಕೊಂಡು ನಿಂತಿದ್ದರೆ ಬಿಳಿ ಸುಟ್ಟಿದೆ ಎಂದರ್ಥ. ಬೆಳ್ಳಕ್ಕಿಯ ಚಿತ್ರದಲ್ಲಿ ಹಕ್ಕಿಯ ಪಾಲು ಚಿಕ್ಕದಾಗಿದ್ದರೆ ಬಲ ತುದಿಯಲ್ಲಿ ಹುಲ್ಲುಗರಿಯಷ್ಟು ಸಣ್ಣ ಗೆರೆ ಮಾತ್ರ ಇರುತ್ತದೆ, ಅದನ್ನು ಹುಡುಕಿ ನೋಡಬೇಕು. ಸುಟ್ಟ ಜಾಗ ಮಿನುಗುವಂತೆ ಮಾಡುವ ಸೌಲಭ್ಯ ಬಹುತೇಕ ಎಲ್ಲ ಡಿಎಸ್‌ಎಲ್‌ಆರ್‌ಗಳಲ್ಲೂ ಇದೆ. ಹೊಸದಾಗಿ ಕಲಿಯುವವರು ಮೊದಲ ದಿನವೇ ಅದನ್ನು ಹಾಕಿಕೊಳ್ಳಲಿ ಎಂದು ನಾನು ಆಸೆಪಡುತ್ತೇನೆ.

ಕ್ಯಾಮೆರಾ ತಾನೇ ಸಂಸ್ಕರಿಸಿ ಕುಗ್ಗಿಸಿ ಕೊಡುವ ಜೆಪೆಗ್ ಬಿಟ್ಟು, ಸೆನ್ಸಾರು ಹಿಡಿದದ್ದನ್ನು ಹಾಗೆಯೇ ಇಡುವ ರಾ ಫೈಲಿಗೆ ಹೋದದ್ದೂ ಇದೇ ಕಾರಣಕ್ಕೆ. ಜೆಪೆಗ್‌ನಲ್ಲಿ ಒಂದೊಂದು ಬಣ್ಣಕ್ಕೆ ಕಪ್ಪಿನಿಂದ ಬಿಳಿಯವರೆಗೆ 256 ಮೆಟ್ಟಿಲುಗಳು. 14 ಬಿಟ್ ರಾ ಫೈಲಿನಲ್ಲಿ 16,384. ಗರಿಯ ಮೇಲಿನ ನೆರಳುಗಳು ಇರುವುದೆಲ್ಲ ಮೇಲಿನ ಕೆಲವೇ ಮೆಟ್ಟಿಲುಗಳ ನಡುವೆ ಆದ್ದರಿಂದ ಮೆಟ್ಟಿಲು ಹೆಚ್ಚಿದ್ದಷ್ಟೂ ಉಳಿಸಿಕೊಳ್ಳುವುದಕ್ಕೆ ಅವಕಾಶ ಹೆಚ್ಚು. ಆದರೂ ಸೆನ್ಸಾರಿನಲ್ಲೇ ತುಂಬಿ ಚೆಲ್ಲಿಹೋದ ಬಿಳಿಯನ್ನು ಯಾವ ಫೈಲೂ ಮರಳಿ ಕೊಡಲಾರದು. ನೆರಳಿನಲ್ಲಿ ಅಡಗಿದ್ದನ್ನು ಒಂದಷ್ಟು ಮಟ್ಟಿಗೆ ಎತ್ತಬಹುದು. ಒಂದೇ ಕೊಂಬೆಯ ಮೇಲೆ ನೀರುಕಾಗೆಯೂ ಬೆಳ್ಳಕ್ಕಿಯೂ ಕುಳಿತಿರುವ ದೃಶ್ಯ ನಮ್ಮ ಕೆರೆಯಲ್ಲಿ ದಿನವೂ ಸಿಗುತ್ತದೆ. ಅಲ್ಲಿ ನಾನು ಬೆಳ್ಳಕ್ಕಿಗೆ ಬೇಕಾದ ಬೆಳಕನ್ನು ಇಟ್ಟುಕೊಂಡು, ನೀರುಕಾಗೆಯ ರೆಕ್ಕೆಯ ಕಂಚಿನ ಹೊಳಪನ್ನು ಆಮೇಲೆ ಕಂಪ್ಯೂಟರಿನಲ್ಲಿ ಹುಡುಕುತ್ತೇನೆ.

ಈ ಮಾತು ಕೇಳಿ ಹಿರಿಯರು ಸ್ವಲ್ಪ ಹೊತ್ತು ಸುಮ್ಮನಿದ್ದರು. "ನಮ್ಮ ನೆಗೆಟಿವ್ ಕಾಲದಲ್ಲಿ ಇದು ತಿರುಗುಮುರುಗು ಇತ್ತಮ್ಮ. ನೆರಳು ಉಳಿಸ್ಕೋ, ಬಿಳೀನ ಡಾರ್ಕ್‌ರೂಮಲ್ಲಿ ನೋಡ್ಕೊಳೋಣ ಅಂತಿದ್ವಿ" ಎಂದರು. ನೆಗೆಟಿವ್ ಫಿಲ್ಮಿನಲ್ಲಿ ಬೆಳಕು ಹೆಚ್ಚಾದ ಜಾಗ ದಟ್ಟವಾಗಿ ಉಳಿದಿರುತ್ತದೆ, ಮುದ್ರಿಸುವಾಗ ಆ ಭಾಗಕ್ಕೆ ಹೆಚ್ಚು ಹೊತ್ತು ಬೆಳಕು ಕೊಟ್ಟು ವಿವರವನ್ನು ಹೊರತೆಗೆಯಬಹುದಿತ್ತು. ಬೆಳಕು ತಲುಪದ ನೆರಳಿನಲ್ಲಿ ಮಾತ್ರ ಏನೂ ಇರುತ್ತಿರಲಿಲ್ಲ. ನೆಗೆಟಿವ್ ಇಲ್ಲದೆ ನೇರವಾಗಿ ಚಿತ್ರವೇ ಮೂಡುವ ಸ್ಲೈಡ್ ಫಿಲ್ಮಿನ ಗುಣ ಬೇರೆ, ಅದರಲ್ಲಿ ಇಂದಿನ ಡಿಜಿಟಲ್‌ನಂತೆಯೇ ಬಿಳಿ ಒಮ್ಮೆ ಹೋದರೆ ಹೋಯಿತು. ಬೆಂಗಳೂರಿನ ಟಿ.ಎನ್.ಎ. ಪೆರುಮಾಳ್, ಇ. ಹನುಮಂತರಾವ್ ಅವರಂಥವರು ಫಿಲ್ಮಿನ ಕಾಲದಲ್ಲಿ, ಸುರುಳಿ ತೊಳೆದು ಬರುವವರೆಗೆ ಏನು ಮೂಡಿದೆಯೆಂದು ನೋಡುವ ದಾರಿಯಿಲ್ಲದೆ, 36 ಚಿತ್ರಗಳಿಗೆ ಮುಗಿದುಹೋಗುವ ಸುರುಳಿಗಳಲ್ಲಿ ಕಾಡುಪ್ರಾಣಿ ಮತ್ತು ಹಕ್ಕಿಗಳನ್ನು ಹಿಡಿದರು. ಮೂಡಿಗೆರೆಯ ತೋಟದಲ್ಲಿ ಹಕ್ಕಿಗಳ ಬೆನ್ನುಹತ್ತಿದ್ದ ಪೂರ್ಣಚಂದ್ರ ತೇಜಸ್ವಿಯವರೂ ಇದೇ ದಾರಿಯಲ್ಲಿ ಬಹುಕಾಲ ನಡೆದವರು. ನಾನು ಒಂದು ಬೆಳಗಿನಲ್ಲಿ ಮುನ್ನೂರು ಚಿತ್ರ ತೆಗೆದು ಅಲ್ಲೇ ನಿಂತು ಹಿಸ್ಟೋಗ್ರಾಂ ನೋಡುವಾಗ, ಅವರ ಲೆಕ್ಕಾಚಾರವೆಲ್ಲ ಶಟರ್ ಒತ್ತುವ ಮೊದಲೇ ತಲೆಯಲ್ಲಿ ಮುಗಿದಿರಬೇಕಾಗಿತ್ತು ಎಂಬುದನ್ನು ನೆನೆದರೆ ಗೌರವ ಹೆಚ್ಚುತ್ತದೆ. ಈ ಕಾರಣಕ್ಕೆ ವಾರದಲ್ಲಿ ಒಂದು ದಿನ ನಾನು 36 ಚಿತ್ರಗಳಿಗಿಂತ ಹೆಚ್ಚು ತೆಗೆಯುವುದಿಲ್ಲ, ಹಿಂದಿನ ಪರದೆಯನ್ನೂ ನೋಡುವುದಿಲ್ಲ. ನನ್ನ ಅಭ್ಯಾಸಗಳಲ್ಲೆಲ್ಲ ಹೆಚ್ಚು ಕಲಿಸಿದ್ದು ಇದೇ ಎಂದು ಧೈರ್ಯವಾಗಿ ಹೇಳಬಲ್ಲೆ.

ಎರಡನೆಯ ವರ್ಷದ ಮಳೆಗಾಲ ಮುಗಿದ ಮೇಲೆ ಒಂದು ವಿಚಿತ್ರ ಆರಂಭವಾಯಿತು. ಹಿಸ್ಟೋಗ್ರಾಂ ಸರಿಯಾಗಿದೆ, ಬಿಳಿ ಸುಟ್ಟಿಲ್ಲ, ಬೆಳಕೂ ಪಕ್ಕದಿಂದಲೇ ಇದೆ. ಆದರೂ ಬೆಳ್ಳಕ್ಕಿಯ ಸುತ್ತ ಮಂಜಿನಂಥ ಹೊಳಪು, ಗರಿಗಳೆಲ್ಲ ಕಲಸಿಹೋದಂತೆ. ಫೋಕಸ್ ತಪ್ಪಿದೆಯೆಂದು, ಕೈ ನಡುಗಿದೆಯೆಂದು, ಲೆಕ್ಕ ಮರೆತಿದ್ದೇನೆಂದು ಆರು ವಾರ ನನ್ನನ್ನೇ ಬೈದುಕೊಂಡೆ. ಕೊನೆಗೆ ಹಿರಿಯರು ಲೆನ್ಸನ್ನು ಕ್ಯಾಮೆರಾದಿಂದ ಬಿಡಿಸಿ, ಹಿಂದಿನಿಂದ ಟಾರ್ಚ್ ಬಿಟ್ಟು, ಓರೆಯಾಗಿ ಹಿಡಿದು ತೋರಿಸಿದರು: ಒಳಗಿನ ಗಾಜಿನ ಮೇಲೆ ಜೇಡರ ಬಲೆಯ ಹಾಗೆ ಕವಲೊಡೆದ ಸಣ್ಣ ಎಳೆಗಳು. ಫಂಗಸ್. ನಾನು ಲೆನ್ಸನ್ನು ಚರ್ಮದ ಚೀಲದಲ್ಲಿ ಹಾಕಿ, ಬೀರುವಿನಲ್ಲಿ, ಬಟ್ಟೆಗಳ ನಡುವೆ ಜೋಪಾನವಾಗಿ ಇಟ್ಟಿದ್ದೆ; ಚರ್ಮ ತೇವವನ್ನು ಹಿಡಿದಿಟ್ಟುಕೊಳ್ಳುತ್ತದೆ, ಕತ್ತಲೆ ಮತ್ತು ಗಾಳಿಯಾಡದ ಜಾಗ ಬೂಷ್ಟಿಗೆ ಬಹಳ ಇಷ್ಟ. ಆ ಎಳೆಗಳು ಬೆಳಕನ್ನು ಚದುರಿಸುತ್ತಿದ್ದವು, ಚದುರಿದ ಬೆಳಕು ಬಿಳಿಯ ಸುತ್ತ ಚೆಲ್ಲುತ್ತಿತ್ತು. ಬಿಚ್ಚಿ ತೊಳೆಸಲು ಕೊಟ್ಟೆ. ಬಲೆ ಹೋಯಿತು, ಗಾಜಿನ ಲೇಪದ ಮೇಲೆ ಅದರ ಗುರುತು ಒಂದಷ್ಟು ಉಳಿಯಿತು. ಅಂದಿನಿಂದ ಕ್ಯಾಮೆರಾ ಮತ್ತು ಲೆನ್ಸುಗಳು ಹೊರಗಿನ ತೇವ ಒಳಬಾರದಂತೆ ಬಿಗಿಯಾಗಿ ಮುಚ್ಚುವ ಅಡುಗೆಮನೆಯ ದೊಡ್ಡ ಪ್ಲಾಸ್ಟಿಕ್ ಡಬ್ಬಿಯಲ್ಲಿ, ತೇವ ಹೀರುವ ಸಿಲಿಕಾ ಜೆಲ್ ಪೊಟ್ಟಣಗಳೊಂದಿಗೆ ಇರುತ್ತವೆ. ಬಣ್ಣ ಬದಲಾಯಿಸುವ ಹರಳು ತಂದರೆ ಒಳ್ಳೆಯದು. ತೇವ ಕುಡಿದು ಬಣ್ಣ ತಿರುಗಿದಾಗ ಬಿಸಿ ಮಾಡಿ ಮತ್ತೆ ಬಳಸಬಹುದು. ಡಬ್ಬಿಯೊಳಗಿನ ತೇವಾಂಶ 40ರಿಂದ 50 ಶೇಕಡಾದ ನಡುವೆ ಇರಲಿ ಎಂದು ಒಂದು ಪುಟ್ಟ ಮಾಪಕವನ್ನೂ ಇಟ್ಟಿದ್ದೇನೆ. ಮಲೆನಾಡಿನಲ್ಲಿ, ಕರಾವಳಿಯಲ್ಲಿ ಇರುವವರು ಇದನ್ನು ಜೂನ್ ತಿಂಗಳಿಗೆ ಮೊದಲೇ ಮಾಡಿಕೊಳ್ಳಬೇಕು.

ನಡುವೆ ಒಂದೆರಡು ಸಲ ರಂಗನತಿಟ್ಟಿಗೂ ಹೋಗಿಬಂದೆ. ಪಕ್ಷಿತಜ್ಞ ಸಲೀಂ ಅಲಿಯವರ ಒತ್ತಾಸೆಯಿಂದ 1940ರಲ್ಲಿ ಪಕ್ಷಿಧಾಮವಾದ, 2022ರಲ್ಲಿ ಜಗತ್ತಿನ ಮುಖ್ಯ ಜೌಗುಪ್ರದೇಶಗಳ ರಾಮ್ಸಾರ್ ಪಟ್ಟಿಗೆ ಸೇರಿದ ಆ ಜಾಗದಲ್ಲಿ ಹಕ್ಕಿಗಳು ಎಷ್ಟು ಹತ್ತಿರ ಸಿಗುತ್ತವೆಯೆಂದರೆ ಚಿತ್ರ ಚೆನ್ನಾಗಿ ಬರುವುದಕ್ಕೆ ನಾವು ಮಾಡಬೇಕಾದ್ದೇ ಕಡಿಮೆ. ಆದರೆ ದೋಣಿ ತನ್ನ ಪಾಡಿಗೆ ಸಾಗುತ್ತಿರುತ್ತದೆ. ಬೆಳಕು ಯಾವ ಕಡೆಯಿಂದ ಬೀಳಲಿ ಎಂದು ನಾವು ನಿರ್ಧರಿಸಲಾಗುವುದಿಲ್ಲ, ಒಂದು ಹಕ್ಕಿಯ ಮುಂದೆ ಗಂಟೆಗಟ್ಟಲೆ ಕೂರಲೂ ಆಗುವುದಿಲ್ಲ. ಕಲಿಯುವವರಿಗೆ ದಿನವೂ ಹೋಗಬಹುದಾದ ಸಾಧಾರಣ ಕೆರೆಯೇ ಮೇಲು ಎಂಬುದು ನನ್ನ ಅನುಭವ. ಒಂದೇ ಜಾಗ, ಒಂದೇ ಹಕ್ಕಿ ಇದ್ದಾಗ ನಿನ್ನೆಗೂ ಇವತ್ತಿಗೂ ಬದಲಾದದ್ದು ಬೆಳಕು ಮಾತ್ರ ಎಂಬುದು ಗೊತ್ತಿರುತ್ತದೆ, ಆಗ ಬೆಳಕನ್ನು ಗುರುತಿಸಲು ಕಣ್ಣಿಗೆ ಸಾಧ್ಯವಾಗುತ್ತದೆ.

ದಿನವೂ ನೋಡುತ್ತ ಹೋದಂತೆ ಹಕ್ಕಿಯ ಪರಿಚಯವೂ ಆಯಿತು. ಬಿಳಿಯವೆಲ್ಲ ಒಂದೇ ಎಂದುಕೊಂಡಿದ್ದವಳಿಗೆ ಚಿಕ್ಕ ಬೆಳ್ಳಕ್ಕಿಯ ಕಪ್ಪು ಕಾಲು, ಹಳದಿ ಪಾದ ಕಂಡವು. ದನಗಳ ಹಿಂದೆ ಓಡಾಡುವ ಗೋವಕ್ಕಿಯ ಹಳದಿ ಕೊಕ್ಕು, ಮರಿ ಮಾಡುವ ಕಾಲಕ್ಕೆ ಅದರ ತಲೆಗೂ ಕುತ್ತಿಗೆಗೂ ಏರುವ ಕಿತ್ತಳೆ ಬಣ್ಣ ಕಂಡವು. ಚಿಕ್ಕ ಬೆಳ್ಳಕ್ಕಿಗೆ ಅದೇ ಕಾಲದಲ್ಲಿ ತಲೆಯ ಹಿಂದೆ ಎರಡು ಉದ್ದನೆಯ ಗರಿಗಳೂ ಬೆನ್ನಿನ ಮೇಲೆ ಕಸೂತಿಯಂಥ ತೆಳು ಗರಿಗಳೂ ಮೂಡುತ್ತವೆ. ಹೆಂಗಸರ ಟೋಪಿಗಳನ್ನು ಅಲಂಕರಿಸಲೆಂದು ನೂರು ವರ್ಷಗಳ ಹಿಂದೆ ಯುರೋಪಿನ ಮಾರುಕಟ್ಟೆಗೆ ಈ ಗರಿಗಳು ಹೋಗುತ್ತಿದ್ದವು, ಅದಕ್ಕಾಗಿ ಈ ಹಕ್ಕಿಗಳನ್ನು ಕೊಲ್ಲುತ್ತಿದ್ದರು ಎಂದು ಓದಿದ ಮೇಲೆ ಆ ಗರಿಗಳನ್ನು ಸುಡದೆ, ಒಂದೊಂದಾಗಿ ಬಿಡಿಸಿ ತೋರಿಸಬೇಕೆಂಬ ಹಂಬಲ ಇನ್ನೂ ಬಲವಾಯಿತು. ಗೂಡಿನ ಹತ್ತಿರ ನಾನು ಹೋಗುವುದಿಲ್ಲ. ಮೇಯುತ್ತಿರುವ ಹಕ್ಕಿ ಕೂಡ ಕುತ್ತಿಗೆ ನೀಳ ಮಾಡಿ ನಿಂತಿತೆಂದರೆ ನಾನು ಒಂದು ಹೆಜ್ಜೆ ಹೆಚ್ಚು ಇಟ್ಟಿದ್ದೇನೆ ಎಂದರ್ಥ. ಆಗ ಹಿಂದಕ್ಕೆ ಸರಿಯುತ್ತೇನೆ.

ಕಳೆದ ಡಿಸೆಂಬರಿನ ಒಂದು ಬೆಳಿಗ್ಗೆ, ಏಳೂಕಾಲರ ಹೊತ್ತಿಗೆ, ದಡದ ಕೆಸರಿನ ಮೇಲೆ ಗೋಣಿಚೀಲ ಹಾಸಿ ಹೊಟ್ಟೆಯ ಮೇಲೆ ಮಲಗಿದ್ದೆ. ಮಲಗಿದರೆ ಕ್ಯಾಮೆರಾ ಹಕ್ಕಿಯ ಕಣ್ಣಿನ ಮಟ್ಟಕ್ಕೆ ಇಳಿಯುತ್ತದೆ. ಮೊಳಕಾಲುದ್ದದ ನೀರಿನಲ್ಲಿ ಒಂದು ಚಿಕ್ಕ ಬೆಳ್ಳಕ್ಕಿ ನಿಂತು, ಒಂದು ಕಾಲನ್ನು ಮುಂದಕ್ಕೆ ಚಾಚಿ, ಹಳದಿ ಪಾದವನ್ನು ನೀರೊಳಗೆ ಸರಸರನೆ ನಡುಗಿಸುತ್ತಿತ್ತು. ಕೆಸರಿನಲ್ಲಿ ಅಡಗಿರುವ ಮೀನುಮರಿ, ಸೀಗಡಿಗಳನ್ನು ಹೆದರಿಸಿ ಎಬ್ಬಿಸುವ ಉಪಾಯ ಅದು. ಪಾದ ಎತ್ತಿದಾಗಲೆಲ್ಲ ಬೆರಳುಗಳಿಂದ ನೀರಹನಿ ಉದುರುತ್ತಿತ್ತು. ಬಿಸಿಲು ನನ್ನ ಎಡಗಡೆಯಿಂದ ಬರುತ್ತಿತ್ತು. ಎದೆಯ ಗರಿಗಳ ಒಂದು ಪಕ್ಕ ಬೆಳಗಿ, ಇನ್ನೊಂದು ಪಕ್ಕಕ್ಕೆ ನೀರಿನ ತಿಳಿನೀಲಿ ಹತ್ತಿತ್ತು. ಅಂಗೈಯಿಂದ ಮೊದಲೇ ಅಳೆದಿಟ್ಟಿದ್ದ ಲೆಕ್ಕವನ್ನು ಮುಟ್ಟದೆ ಹನ್ನೊಂದು ಚಿತ್ರ ತೆಗೆದೆ.

ಅವುಗಳಲ್ಲಿ ಒಂದನ್ನು 8×12 ಇಂಚಿನ ಅಳತೆಯಲ್ಲಿ ಮುದ್ರಿಸಿ ಹಿರಿಯರ ಮನೆಗೆ ಒಯ್ದೆ. ಮೊಬೈಲಿನಲ್ಲಿ ತೋರಿಸಿದರೆ ಅವರು ನೋಡುವುದಿಲ್ಲ. ಮುದ್ರಣದಲ್ಲಿ ಬಿಳಿ ಎಂಬ ಶಾಯಿಯೇ ಇಲ್ಲ, ಕಾಗದದ ಬಿಳಿಯೇ ಬಿಳಿ. ಸುಟ್ಟ ಜಾಗದಲ್ಲಿ ಬರಿಯ ಕಾಗದ ಕಾಣುತ್ತದೆ, ಅದನ್ನು ಮುಚ್ಚಿಡಲಾಗದು ಎಂಬುದು ಅವರ ವಾದ. ಕಿಟಕಿಯ ಬಳಿ ಕುಳಿತು, ಕನ್ನಡಕ ತೆಗೆದು, ಭೂತಗನ್ನಡಿ ಹಿಡಿದು ಕುತ್ತಿಗೆಯಿಂದ ಶುರುಮಾಡಿ ಎದೆಯವರೆಗೆ ನಿಧಾನವಾಗಿ ಬಂದರು. ಚಿತ್ರವನ್ನು ಬೆಳಕಿಗೆ ಓರೆಮಾಡಿ ಮತ್ತೊಮ್ಮೆ ನೋಡಿದರು.

"ಮಡಿಕೆ ಕಾಣ್ತಿದೆ" ಎಂದರು.

ನಾನು ಏನಾದರೂ ಹೇಳುವ ಮೊದಲೇ ಭೂತಗನ್ನಡಿ ಮೇಲಿನ ಬಲಮೂಲೆಗೆ ಹೋಗಿತ್ತು. ಜೊಂಡಿನ ನಡುವೆ, ಮಸುಕಾಗಿ, ತೇಲುವ ನೀರಿನ ಬಾಟಲಿಯ ಬಿಳಿ ಮುಚ್ಚಳ. "ಇದನ್ಯಾಕಮ್ಮ ಬಿಟ್ಟೆ? ನಾಲ್ಕು ಹೆಜ್ಜೆ ಎಡಕ್ಕೆ ಮಲಗಿದ್ದಿದ್ರೆ ಜೊಂಡು ಮುಚ್ಚಿಕೊಳ್ತಿತ್ತು" ಎಂದು ಚಿತ್ರವನ್ನು ನನ್ನ ಕೈಗೆ ಕೊಟ್ಟರು. ಮರುದಿನ ಬೆಳಿಗ್ಗೆ ಹೋಗಿ ಮೊದಲು ಆ ಬಾಟಲಿಯನ್ನು ಕೋಲಿನಿಂದ ಎಳೆದು ತೆಗೆದೆ. ಆಮೇಲೆ ನಾಲ್ಕು ಹೆಜ್ಜೆ ಎಡಕ್ಕೆ ಗೋಣಿಚೀಲ ಹಾಸಿದೆ.